ಹನ್ನೊಂದು ಬುಗುರಿ

ಬಡಗಿ ಸ್ಟೂಲಿನ ಕುಂಟುಕಾಲು ಬಿಚ್ಚಿ, ಹೊಸದು ಕೂರಿಸಿ, ಅಂಗೈಯಿಂದ ಒಮ್ಮೆ ಸವರಿ ನೋಡಿ, ಮಗಳ ಓದುವ ಮೇಜಿನ ಮುಂದೆ ಇಟ್ಟ. ಒಂಬತ್ತು ವರ್ಷದ ಹುಡುಗಿ ಅದನ್ನು ಕಣ್ಣೆತ್ತಿಯೂ ನೋಡದೆ ಪುಸ್ತಕ ತೆಗೆದುಕೊಂಡು ನೆಲದ ಮೇಲೆ ಕೂತಳು. ಅಪ್ಪನೊಂದಿಗೆ ಮಾತು ಬಿಟ್ಟು ಇದು ಮೂರನೆಯ ದಿನ.

ತಪ್ಪು ಅವನದೇ. ಅಳತೆಯ ಟೇಪು ಕಾಣಲಿಲ್ಲವೆಂದು ಗೆಳತಿಯರ ಎದುರಿಗೇ ಅವಳ ಮೇಲೆ ಹರಿಹಾಯ್ದಿದ್ದ. ಸಂಜೆ ಅದು ಸಿಕ್ಕಿದ್ದು ಅವನ ಚೀಲದ ತಳದಲ್ಲಿ. ಹಾಗೆಂದು ಬಾಯಿಬಿಟ್ಟು ಹೇಳುವುದೊಂದು ಬಾಕಿಯಿತ್ತು. ಎಂಥ ಗಟ್ಟಿ ಮರವನ್ನೂ ಹದಕ್ಕೆ ತರುತ್ತಿದ್ದವನಿಗೆ ನಾಲಿಗೆಯೊಂದು ಹೊರಳಲಿಲ್ಲ.

ಬಟಾಣಿ ಸುಲಿಯುತ್ತಿದ್ದ ಅವನ ತಾಯಿ ನಕ್ಕಳು.

"ನಿಮ್ಮಪ್ಪಂದೇ ಅಚ್ಚು ನೀನು. ನಿಂಗೆ ಹೊಡೆದ ಮಾರನೇ ದಿನ ಒಂದು ಬುಗುರಿ ಮಾಡಿಕೊಡ್ತಿದ್ರು. ಎಷ್ಟಾಗಿದ್ವು?"

"ಹನ್ನೊಂದು," ಎಂದ. ಯೋಚಿಸಬೇಕಾಗಿಯೇ ಬರಲಿಲ್ಲ.

ಆ ಬುಗುರಿಗಳನ್ನು ನೋಡಿ ಓಣಿಯ ಹುಡುಗರೆಲ್ಲ ಹೊಟ್ಟೆ ಉರಿದುಕೊಳ್ಳುತ್ತಿದ್ದರು. ಯಾವುದು ಯಾವ ಏಟಿನದೆಂದು ಅವನಿಗೆ ಮಾತ್ರ ಗೊತ್ತಿತ್ತು. ಅಪ್ಪನ ಬಾಯಿಂದ ಕೊನೆಗೂ ತಪ್ಪಾಯಿತೆಂಬ ಒಂದು ಮಾತು ಬರಲಿಲ್ಲ. ತಾತನೂ ಹಾಗೇ ಇದ್ದನಂತೆ. ಅಜ್ಜಿಯ ಮೇಲೆ ರೇಗಿದಾಗಲೆಲ್ಲ ಹೊಸ ಸೌಟು ಕೆತ್ತುತ್ತಿದ್ದ. ಆ ಮನೆಯಲ್ಲಿ ಸೌಟಿಗೆ ಯಾವತ್ತೂ ಬರವಿರಲಿಲ್ಲ.

ಊಟಕ್ಕೆ ಕರೆದಾಗ ಮಗಳು ಮೂರು ದಿನದ ಮೌನ ಮುರಿದಳು. "ಆ ಸ್ಟೂಲು ನಂಗೆ ಬೇಡ. ನೀನೂ ಬೇಡ."

ಬೆಳಿಗ್ಗೆ ಕೆಲಸದ ಪೆಟ್ಟಿಗೆ ತೆರೆದರೆ, ಗುರುತು ಹಾಕುವ ಅವನ ನಾಲ್ಕೂ ಪೆನ್ಸಿಲ್ಲುಗಳನ್ನು ಯಾರೋ ಸೂಜಿಯಷ್ಟು ಚೂಪಾಗಿ ಹೆರೆದು ಸಾಲಾಗಿ ಜೋಡಿಸಿದ್ದರು. ಯಾರೋ ಏನು, ಅವಳೇ. ಬಡಗಿಯ ಪೆನ್ಸಿಲ್ಲಿಗೆ ಚಪ್ಪಟೆ ಮೊನೆಯೇ ಆಗಬೇಕು. ಇಂಥದ್ದು ಮರದ ಮೇಲೆ ಒಂದು ಗೆರೆಗೂ ನಿಲ್ಲುವುದಿಲ್ಲ. ಪಾಪ, ಅದು ಅವಳಿಗೆ ಹೇಗೆ ಗೊತ್ತಾಗಬೇಕು? ಯಾರೂ ಹೇಳಿಕೊಡದೆಯೇ ಮನೆಯ ಈ ವಿದ್ಯೆ ಇವಳಿಗೂ ಬಂದುಬಿಟ್ಟಿತ್ತು.

ಅವಳು ಬಾಗಿಲಲ್ಲಿ ಶೂ ಹಾಕಿಕೊಳ್ಳುತ್ತಿದ್ದಳು. ಹೋಗಿ ಎದುರಿಗೆ ಕುಕ್ಕರುಗಾಲಲ್ಲಿ ಕೂತ.

"ಟೇಪು ನನ್ನ ಚೀಲದಲ್ಲೇ ಇತ್ತು ಪುಟ್ಟಿ. ನಿನ್ನ ಬೈದಿದ್ದು ನನ್ನ ತಪ್ಪು."

ಅಡುಗೆಮನೆಯಲ್ಲಿ ಅವನ ತಾಯಿಯ ಪಾತ್ರೆಯ ಸದ್ದು ನಿಂತಿತು.

ಹುಡುಗಿ ಶೂ ದಾರ ಕಟ್ಟಿ ಮುಗಿಸಿದಳು. "ನೀನು ಬೇಡ ಅಂದಿದ್ದು ನಂದೂ ತಪ್ಪು," ಎಂದಳು. ಆಮೇಲೆ ಮೆಲ್ಲಗೆ, "ಪೆನ್ಸಿಲ್ ಚೆನ್ನಾಗಿದ್ಯಾ?"

"ತುಂಬ ಚೆನ್ನಾಗಿದೆ."

ಆ ದಿನ ಮೊದಲ ಹಲಗೆಯ ಮೇಲೆ ಗೆರೆ ಎಳೆಯುವಾಗ, ಮೊನೆ ಮುರಿಯದಂತೆ ಉಸಿರು ಬಿಗಿಹಿಡಿದು, ತಾಗಿಯೂ ತಾಗದ ಹಾಗೆ ಎಳೆದ. ಗೆರೆ ಸರಿಯಾಗಿ ಕಾಣಲಿಲ್ಲ. ಹಲಗೆಯನ್ನು ಕಿಟಕಿಯ ಬೆಳಕಿಗೆ ತಿರುಗಿಸಿಕೊಂಡ.