ಆರು ಫ್ಯಾನುಗಳ ಸದ್ದು

ಗುಂಯ್ — ಕಂಪ್ಯೂಟರಿನ ಮುಚ್ಚಳ ಬಿಚ್ಚಿದ ಮೇಲಂತೂ ಇನ್ನೂ ಜೋರು, ಮೇಜಿನ ಕೆಳಗೆ ಮೊಣಕಾಲೂರಿ ಕೂತವನ ಮುಖಕ್ಕೇ ರಾಚುತ್ತಿದೆ ಬಿಸಿಗಾಳಿ, ಸುಟ್ಟ ಧೂಳಿನ ವಾಸನೆ, ಆರು ಫ್ಯಾನು, ಆರಕ್ಕೆ ಆರೂ ಬಣ್ಣ ಬದಲಿಸುತ್ತ ನನ್ನನ್ನೇ ನೋಡಿ ಹಲ್ಲು ಕಿರಿಯುತ್ತಿವೆ, ಮುಂದೆ ಮೂರು, ಮೇಲೆ ಎರಡು, ಹಿಂದೆ ಒಂದು, ಎಲ್ಲವೂ ಒಳಮುಖ, ಎಲ್ಲವನ್ನೂ ಕೂರಿಸಿದವನು ನಾನೇ, ಇದೇ ಕೈಯಿಂದ, ಯಾರ ಮಾತೂ ಕೇಳದೆ. ಅಪ್ಪಾ, ಮೊದಲು ಸ್ವಿಚ್ ಆಫ್ ಮಾಡು, ಅನ್ನುತ್ತಾಳೆ ಮಗಳು ಬೆನ್ನ ಹಿಂದಿನಿಂದ, ಗೊತ್ತು ಕಣೇ, ಇಪ್ಪತ್ತೆರಡು ವರ್ಷದಿಂದ ಬಸ್ಸಿನ ಇಂಜಿನ್ನಿನೊಳಗೆ ಕೈ ಹಾಕ್ತಿರೋನಿಗೆ ನೀನು ಹೇಳಿಕೊಡ್ತೀಯಾ, ಎಂದು ನಾಲಿಗೆಯ ತುದಿಗೆ ಬಂದದ್ದನ್ನು ನುಂಗಿ ಸ್ವಿಚ್ ಆರಿಸುತ್ತೇನೆ, ಯಾಕೆಂದರೆ ಹೇಳಿಕೊಟ್ಟಿದ್ದಳು, ನಾಲ್ಕು ತಿಂಗಳ ಹಿಂದೆಯೇ ಹೇಳಿಕೊಟ್ಟಿದ್ದಳು, ಅವಳು ಚಿತ್ರ ಬರೆದು ಅದನ್ನು ಕುಣಿಸುವ ಪಾಠ ಕಲಿಯುತ್ತಿರುವಾಗ ಈ ಡಬ್ಬ ಬಿಸಿಯಾಗಿ ಪಟ್ಟನೆ ನಿಂತುಹೋಯಿತು, ಎರಡು ದಿನದ ಕೆಲಸ ಹೋಯಿತೆಂದು ಮುಖ ಊದಿಸಿಕೊಂಡು ಕೂತಳು, ಅಷ್ಟೇನಾ, ರೇಡಿಯೇಟರ್ ಸಮಸ್ಯೆ ತಾನೆ, ನಾನಿದ್ದೀನಿ ಬಿಡು ಎಂದು ಎದೆ ತಟ್ಟಿಕೊಂಡು ಅಂಗಡಿಗೆ ಹೋದವನು ನಾನು. ಫ್ಯಾನಿನ ಪೊಟ್ಟಣಗಳ ಮೇಲೆ ಅಂಕಿ ಓದಿ ಓದಿ ಯಾವುದು ಅತಿ ಹೆಚ್ಚು ಗಾಳಿ ನೂಕುತ್ತದೋ ಅದನ್ನೇ ಆರಿಸಿದೆ, ಸದ್ದಿನ ಅಂಕಿ ಅದರ ಕೆಳಗೇ ಇತ್ತು, ಅದರ ಮೇಲೆ ಕಣ್ಣೇ ಹಾಯಲಿಲ್ಲ. ಸಾರ್, ಇದಕ್ಕೆ ಎರಡೇ ವೈರು, ವೇಗ ಹೆಚ್ಚು ಕಡಿಮೆ ಆಗಲ್ಲ, ಅಂದಿದ್ದ ಅಂಗಡಿಯವನು, ಪಾಪ ಅವನು ಮುಚ್ಚಿಡಲಿಲ್ಲ, ಹೆಚ್ಚು ಕಡಿಮೆ ಯಾಕಯ್ಯಾ ಆಗಬೇಕು, ಓಡೋದೇ ಅದರ ಕೆಲಸ, ಓಡಲಿ, ಅಂದೆ ನಾನು. ಅಪ್ಪಾ, ನಾಲ್ಕು ವೈರಿಂದು ತಗೊಂಡ್ರೆ ಕಂಪ್ಯೂಟರಿನ ಬೋರ್ಡೇ ನೋಡ್ಕೊಳ್ಳುತ್ತೆ, ಬಿಸಿ ಆದಾಗ ಮಾತ್ರ ಜೋರಾಗಿ ತಿರುಗುತ್ತೆ, ಅಂದಳು ಮಗಳು. ಸುಮ್ಮನಿರೇ. ಸುಮ್ಮನಿರೇ ಅಂದೆ, ಅಂಗಡಿಯಲ್ಲೇ, ಎಲ್ಲರೆದುರಿಗೆ.

ಡಿಪೋದಲ್ಲಿ ನನ್ನ ಹೆಸರೇ ಡೈರೆಕ್ಟ್ ಮೇಸ್ತ್ರಿ, ಬಸ್ಸಿನ ರೇಡಿಯೇಟರಿಗೆ ಒಂದು ಬಿಸಿ ನೋಡುವ ಸ್ವಿಚ್ಚು ಇರುತ್ತದೆ, ನೀರು ಇಷ್ಟು ಕಾದರೆ ಫ್ಯಾನು ಹಾಕು, ಆರಿದರೆ ನಿಲ್ಲಿಸು ಅನ್ನುವಂಥದ್ದು, ಅದು ಯಾವತ್ತು ಕೈಕೊಡುತ್ತದೋ ಹೇಳಲಾಗದು, ನಡುದಾರಿಯಲ್ಲಿ ಐವತ್ತು ಜನ ಇಳಿದು ನಿಂತು ಚಾಲಕನ ಅಮ್ಮ ಅಪ್ಪನನ್ನೆಲ್ಲ ನೆನೆಯುವುದಕ್ಕಿಂತ ಆ ಸ್ವಿಚ್ಚನ್ನೇ ಕಿತ್ತೊಗೆದು ಬ್ಯಾಟರಿಯಿಂದ ನೇರ ಲೈನ್ ಎಳೆದುಬಿಡುವುದು ನನ್ನ ಪದ್ಧತಿ, ಇಂಜಿನ್ ಚಾಲೂ ಇರುವಷ್ಟು ಹೊತ್ತೂ ಫ್ಯಾನು ಓಡುತ್ತಿರಲಿ, ಯಾರಿಗೇನು ನಷ್ಟ, ಸದ್ದು ತಾನೆ, ಬಸ್ಸಿನಲ್ಲಿ ಸದ್ದಿಗೇನು ಬರ. ಅದೇ ಬುದ್ಧಿ ಇಲ್ಲಿಗೂ ತಂದೆ, ಹಾಳು ಬುದ್ಧಿ, ಆರನ್ನೂ ಬೋರ್ಡಿಗೆ ಕೊಡದೆ ಕರೆಂಟಿನ ಡಬ್ಬಕ್ಕೆ ನೇರ ಕೊಟ್ಟೆ, ಗಾಳಿ ಒಳಗೆ ಹೋದರೆ ಸಾಕು, ಹೊರಗೆ ಹೋಗುವ ದಾರಿ ಅದೇ ಹುಡುಕಿಕೊಳ್ಳುತ್ತದೆ ಅಂದುಕೊಂಡೆ, ಅವತ್ತಿನಿಂದ ಈ ಒಂದೇ ಕೋಣೆಯಲ್ಲಿ, ಊಟ ನಿದ್ದೆ ಜಗಳ ಎಲ್ಲ ನಡೆಯುವ ಈ ಕೋಣೆಯಲ್ಲಿ, ಬಸ್ಸೊಂದು ನಿಂತಲ್ಲೇ ಓಡುತ್ತಿದೆ. ನಮಗೆ ಅಭ್ಯಾಸವಾಯಿತು. ಅದೇ ತಪ್ಪು, ಅಭ್ಯಾಸವಾಗಿಬಿಟ್ಟಿತು. ಇವತ್ತು ಬೆಳಿಗ್ಗೆ ಮಾತಿನ ಡಾಕ್ಟರಮ್ಮ ಫೋನ್ ಮಾಡಿದಾಗ ನನಗೆ ಮೊದಲು ಅರ್ಥವೇ ಆಗಲಿಲ್ಲ, ಸಾರ್, ಮುನ್ನೂರು ವಾಕ್ಯದಲ್ಲಿ ಒಂದೂ ಉಪಯೋಗಕ್ಕೆ ಬರಲ್ಲ, ಎಲ್ಲದರಲ್ಲೂ ಗುಂಯ್ ಅನ್ನೋ ಶಬ್ದ, ಬಸ್ಸಲ್ಲಿ ಕೂತ್ಕೊಂಡು ಓದಿಸಿದ್ರಾ? ನಾಳೆ ಬೆಳಿಗ್ಗೆ ನನ್ನ ಹೆಂಡತಿಯ ಗಂಟಲಿನಿಂದ ಧ್ವನಿಪೆಟ್ಟಿಗೆಯನ್ನೇ ತೆಗೆದುಹಾಕುತ್ತಾರೆ, ಗಡ್ಡೆ ಅಲ್ಲೇ ಕೂತಿದೆ, ಬೇರೆ ದಾರಿಯಿಲ್ಲ, ಇವತ್ತು ಸಂಜೆ ಆರಕ್ಕೆ ಆಸ್ಪತ್ರೆ ಸೇರಬೇಕು, ಅದಕ್ಕೆ ಮುಂಚೆ ಈ ಮೈಕಿನ ಮುಂದೆ ಕೂತು ಮುನ್ನೂರು ವಾಕ್ಯ ಓದಿದರೆ ಕಂಪ್ಯೂಟರು ಅವಳ ದನಿ ಕಲಿಯುತ್ತದೆ, ಮುಂದೆ ಅವಳು ಬೆರಳಲ್ಲಿ ಬರೆದದ್ದನ್ನು ಅವಳದೇ ದನಿಯಲ್ಲಿ ಹೇಳುತ್ತದೆ, ಇಲ್ಲವಾದರೆ ಯಾರದೋ ರೆಡಿಮೇಡ್ ದನಿ, ಫೋನಿನಲ್ಲಿ ನಿಮ್ಮ ಕರೆ ನಮಗೆ ಮುಖ್ಯ ಅನ್ನುವಂಥದ್ದು. ಫೋನಿನಲ್ಲಿ ಓದಿಸಲಾ ಅಂದರೆ ಅದು ನಡೆಯುವುದಿಲ್ಲ, ಆಸ್ಪತ್ರೆಯವರು ಕೊಟ್ಟ ಮೈಕೇ ಆಗಬೇಕು, ಅದರ ವೈರು ಮೊಳದುದ್ದ, ಈ ಡಬ್ಬದ ಪಕ್ಕವೇ ಕೂರಬೇಕು, ಫ್ಯಾನು ಆರಿಸಿ ಓದಿಸೋಣವೆಂದರೆ ಡಬ್ಬವೇ ಕಾದು ನಿಂತುಹೋಗುತ್ತದೆ. ಕಳೆದ ಭಾನುವಾರ ಓದಿದ್ದೆಲ್ಲ ಗಾಳಿಗೆ ಹೋಯಿತು, ನಿಜವಾಗಿ ಗಾಳಿಗೇ, ನಾನು ಆರಿಸಿ ತಂದ ಗಾಳಿಗೆ.

ಗಂಟೆ ಎರಡೂ ಹತ್ತು, ಆರಕ್ಕೆ ಆಸ್ಪತ್ರೆ, ತಿರುಪು ತಿರುಗುತ್ತಿಲ್ಲ, ಬಸ್ಸಿನ ಬೋಲ್ಟಿನ ಹಾಗೆ ಬಿಗಿದಿದ್ದೇನೆ ಪ್ಲಾಸ್ಟಿಕ್ಕಿನೊಳಗೆ, ತಲೆ ಸವೆದಿದೆ, ಥೂ, ಇಕ್ಕಳ ಕೊಡು, ಅದಲ್ಲ, ಚಿಕ್ಕದು, ಕಣ್ಣು ಕಾಣಲ್ವಾ ನಿಂಗೆ — ಕೊಟ್ಟದ್ದು ಚಿಕ್ಕದೇ. ರೀ, ಆ ಡಬ್ಬದ ಆಪರೇಷನ್ ಮೊದಲು ಮುಗಿಯುತ್ತಾ ಇಲ್ಲ ನಂದು ಮೊದಲಾ, ಅನ್ನುತ್ತಾಳೆ ಹೆಂಡತಿ ಮಂಚದ ಮೇಲಿಂದ, ನಗುತ್ತಾಳೆ ಬೇರೆ, ಇವಳಿಗೆ ನಗಲು ಹೇಗೆ ಮನಸ್ಸು ಬರುತ್ತದೆ, ನೀನು ಬಾಯಿ ಮುಚ್ಚಿಕೊಂಡು ಕೂರು, ಗಂಟಲು ಉಳಿಸಿಕೋ ಅಂದೆ, ನಾಳೆಯಿಂದ ಮುಚ್ಕೊಂಡೇ ಇರ್ತೀನಲ್ಲ, ಇವತ್ತೊಂದು ದಿನ ಆಡ್ಕೋತೀನಿ ಬಿಡಿ, ಅಂದಳು, ಮಗಳು ಕಿಟಕಿಯ ಕಡೆ ತಿರುಗಿಕೊಂಡಳು, ನನಗೆ ಆ ಇಕ್ಕಳವನ್ನು ಗೋಡೆಗೆ ಬೀಸಬೇಕೆನಿಸಿತು. ಶಾಲೆಯ ಬಸ್ಸಿನಲ್ಲಿ ಮಕ್ಕಳನ್ನು ಹತ್ತಿಸಿ ಇಳಿಸುವವಳು ಅವಳು, ಅವಳ ಒಂದು ಏಯ್ ಅನ್ನುವ ಕೂಗಿಗೆ ರಸ್ತೆಯ ಲಾರಿಗಳೂ ಬ್ರೇಕು ಒತ್ತುತ್ತಿದ್ದವು. ಐದು ಫ್ಯಾನು ಹೊರಬಂದವು, ಆರನೆಯದು ಮುರಿದುಕೊಂಡು ಬಂತು, ಬರಲಿ, ಹಾಳಾಗಲಿ. ನಾನು ಡಾಕ್ಟರಮ್ಮನ ಹತ್ತಿರ ಫೋನಿನಲ್ಲಿ ಬಾಯಿ ಮಾಡುತ್ತ ಕೂತಿದ್ದಾಗ ಮಗಳು ಸೈಕಲ್ ತುಳಿದು ಎರಡು ಫ್ಯಾನು ತಂದಿದ್ದಾಳೆ, ದೊಡ್ಡವು, ಅಗಲ ರೆಕ್ಕೆ, ಬಣ್ಣವಿಲ್ಲ, ಮಿನುಗುವುದಿಲ್ಲ, ನಾಲ್ಕು ವೈರು, ಎಂಥಾ ಆಯ್ಕೆ, ದೊಡ್ಡ ರೆಕ್ಕೆ ನಿಧಾನ ತಿರುಗಿದರೂ ಅಷ್ಟೇ ಗಾಳಿ ಎಂಬುದು ಬಸ್ಸಿನವನಿಗೆ ಗೊತ್ತಿರಬೇಕಾದ ಮಾತು, ಗೊತ್ತಿತ್ತು, ಗೊತ್ತಿದ್ದೂ. ಮುಂದಿನದು ಒಳಕ್ಕೆ, ಹಿಂದಿನದು ಹೊರಕ್ಕೆ, ಅಪ್ಪಾ ಬಾಣದ ಗುರುತು ನೋಡು, ನೋಡಿದೆ ಮಹಾತಾಯಿ, ನೋಡಿದೆ. ಅವಳು ಪರದೆಯ ಮೇಲೆ ಒಂದು ಗೆರೆ ಎಳೆಯುತ್ತಾಳೆ, ಕೆಳಗೆ ಬಿಸಿ, ಪಕ್ಕದಲ್ಲಿ ವೇಗ, ಎಪ್ಪತ್ತು ಡಿಗ್ರಿಯವರೆಗೆ ಗೆರೆ ಚಾಪೆ ಹಾಸಿದ ಹಾಗೆ ಮಲಗಿರಲಿ, ಆಮೇಲೆ ಏಳಲಿ, ಎಪ್ಪತ್ತು ತುಂಬಾ ಹೆಚ್ಚಾಯಿತಲ್ಲೇ, ಸುಟ್ಟುಹೋಗಲ್ವಾ, ಸುಟ್ಟು ಹೋಗಲ್ಲಪ್ಪಾ, ತೊಂಬತ್ತಕ್ಕೆ ಕಂಪ್ಯೂಟರೇ ತಾನಾಗಿ ನಿಲ್ಲುತ್ತೆ, ಅಷ್ಟರೊಳಗೆ ನಾನು ಕೈ ಎತ್ತುತ್ತೀನಿ, ಅಮ್ಮ ಓದೋದು ನಿಲ್ಲಿಸಲಿ, ಫ್ಯಾನು ಜೋರು ಮಾಡಿ ಆರಿಸೋಣ, ಮತ್ತೆ ಓದಲಿ. ಸರಿ ಅಂದೆ. ಈ ಹುಡುಗಿಗೆ ನಾನು ಸರಿ ಎಂದದ್ದು ಇದೇ ಮೊದಲಿರಬೇಕು.

ಗುಂಡಿ ಒತ್ತಿದಳು, ಏನೂ ಕೇಳಿಸಲಿಲ್ಲ, ಕೆಟ್ಟಿತು ಅಂದುಕೊಂಡೆ, ಕೈ ಒಡ್ಡಿದರೆ ಹಿಂದಿನಿಂದ ಬೆಚ್ಚನೆ ಗಾಳಿ ಬರುತ್ತಿದೆ, ಮೆತ್ತಗೆ, ಮಲಗಿದ ಮಗುವಿನ ಉಸಿರಿನಷ್ಟು, ಕೋಣೆ ಒಮ್ಮೆಲೇ ದೊಡ್ಡದಾಯಿತು, ಅಷ್ಟು ಹೊತ್ತೂ ಇಕ್ಕಳದ, ನನ್ನದೇ ಬಾಯಿಯ ಗಲಾಟೆಯಲ್ಲಿ ಕಿವಿಗೆ ಬೀಳದಿದ್ದ ಗಡಿಯಾರಕ್ಕೂ ಸದ್ದಿದೆಯೆಂದು ಗೊತ್ತಾಯಿತು, ಮೇಲಿನ ಮನೆಯಲ್ಲಿ ಯಾರೋ ಕುರ್ಚಿ ಎಳೆದರು. ಹೆಂಡತಿ ಬಂದು ಕೂತಳು, ಗಂಟಲಿಗೆ ಎರಡು ಬೆರಳು ಇಟ್ಟುಕೊಂಡಳು, ಪರದೆ ನೋಡಿ ಓದಿದಳು, ದಯವಿಟ್ಟು ಸ್ವಲ್ಪ ನೀರು ಕೊಡಿ. ಅಷ್ಟೇ. ಹಸಿರು ಗುರುತು ಬಂತು, ಒಪ್ಪಿಕೊಂಡಿತು, ಅಮ್ಮಾ ಆಯ್ತು, ಒಂದು ಆಯ್ತು, ಅಂದಳು ಮಗಳು, ಹೆಂಡತಿ ನನ್ನ ಕಡೆ ತಿರುಗಿ, ದಯವಿಟ್ಟು ಅಂತೆ, ನಾನು ನಿಮಗೆ ಯಾವತ್ತಾದರೂ ದಯವಿಟ್ಟು ಅಂದಿದ್ದೀನೇನ್ರೀ, ಅಂದಳು, ನಾನು ನಗಲಿಲ್ಲ, ನನಗೆ ಆಗ ಕೇಳಿಸುತ್ತಿತ್ತು, ಬರೀ ದನಿ, ಹಿಂದೆ ಮುಂದೆ ಏನೂ ಇಲ್ಲದ ದನಿ, ಹರಿದ ಬೆಲ್ಟಿನ ಹಾಗೆ, ಪದದ ನಡುವೆ ತುಂಡಾಗಿ ಗಾಳಿ ಮಾತ್ರ ಬರುವ ದನಿ, ಇದು ಯಾರದು, ಇದು ಯಾವಾಗಿನಿಂದ. ಎಷ್ಟು ದಿನದಿಂದ ಹೀಗೆ, ಅಂದೆ. ನಾಲ್ಕು ತಿಂಗಳಾಯ್ತಲ್ಲ, ಅಂದಳು, ಹೇಳ್ತಾನೇ ಇದ್ದೆನಲ್ಲ. ಹೇಳುತ್ತಲೇ ಇದ್ದಳು. ಈ ಕೋಣೆಯಲ್ಲೇ, ಈ ಡಬ್ಬದ ಪಕ್ಕದಲ್ಲೇ, ಗಂಟಲು ಕಟ್ಟಿದೆ ಕಣ್ರೀ ಅಂತ, ಏನೇ ಗೊಣಗ್ತೀಯಾ, ಜೋರಾಗಿ ಹೇಳೇ, ಅಂದೆ ನಾನು, ಜೋರಾಗಿ ಹೇಳಿದಳು, ಇನ್ನೂ ಜೋರಾಗಿ ಅಂದೆ, ಮಕ್ಕಳ ಮೇಲೆ ಕೂಗಿ ಕೂಗಿ ಹಾಗಾಗಿದೆ, ಬಿಸಿನೀರು ಕುಡಿ ಅಂದೆ, ಬಸ್ಸಿನ ಇಂಜಿನ್ನಿಗೆ ಕಿವಿಯಿಟ್ಟು ಯಾವ ಬೇರಿಂಗ್ ಸವೆದಿದೆ ಎಂದು ಹೇಳುವವನು ನಾನು, ಡಿಪೋದಲ್ಲಿ ಹೊಸಬರನ್ನು ಕರೆದು ನನ್ನ ಕಿವಿ ತೋರಿಸುತ್ತಾರೆ. ಎಪ್ಪತ್ತು ವಾಕ್ಯ ಆದವು, ನೂರ ಹತ್ತು, ಮಗಳು ಕೈ ಎತ್ತಿದಳು, ಫ್ಯಾನು ಎದ್ದಿತು, ಇಳಿಯಿತು, ಮತ್ತೆ ನಿಶ್ಶಬ್ದ, ಮತ್ತೆ ಎರಡು ಬೆರಳು, ಮತ್ತೆ ಓದು, ಡಾಕ್ಟರಮ್ಮ ಮೊದಲೇ ಹೇಳಿದ್ದಳು, ಇವತ್ತು ಹೇಗಿದೆಯೋ ಅದನ್ನೇ ಅದು ಕಲಿಯೋದು ಸಾರ್, ಹಳೆಯದು ಸಿಗಲ್ಲ, ಆಗ ಅದೊಂದು ಮಾತು ಅಂದುಕೊಂಡಿದ್ದೆ, ಈಗ ಈ ಹರಿದದ್ದನ್ನೇ ಅಕ್ಷರ ಅಕ್ಷರವಾಗಿ ಈ ಡಬ್ಬ ಬಾಯಿಪಾಠ ಮಾಡುತ್ತಿದೆ, ಇನ್ನು ಮೇಲೆ ಅವಳು ನನ್ನನ್ನು ಬೈದರೂ ಇದರಲ್ಲೇ, ಮಗಳನ್ನು ಕರೆದರೂ ಇದರಲ್ಲೇ, ಲಾರಿ ನಿಲ್ಲಿಸುತ್ತಿದ್ದ ಆ ಏಯ್ ಎಲ್ಲೂ ಇಲ್ಲ, ಯಾರಲ್ಲೂ ಇಲ್ಲ, ನನ್ನ ಕಿವಿಯಲ್ಲಿ ಇರಬೇಕಿತ್ತು, ಹುಡುಕಿದರೆ ಗುಂಯ್ ಮಾತ್ರ ಸಿಗುತ್ತದೆ, ನಿನಗಾದರೂ ನೆನಪಿದೆಯಾ ಎಂದು ಮಗಳನ್ನು ಕೇಳಲೂ ಧೈರ್ಯವಿಲ್ಲ. ಇನ್ನೂರ ತೊಂಬತ್ತು. ಹಸಿರು. ನೀರು ಕೊಟ್ಟೆ, ಕುಡಿದಳು, ಲೋಟ ಕೆಳಗಿಟ್ಟಳು, ಗಂಟೆ ಐದೂಕಾಲು, ಮುಂದಿನ ವಾಕ್ಯ ಪರದೆಯ ಮೇಲೆ ಬಂದಿದೆ, ಮಗಳ ಕಣ್ಣು ಡಿಗ್ರಿಯ ಮೇಲೆ, ನನ್ನ ಕಣ್ಣು — ಹೆಂಡತಿ ಕೈ ಎತ್ತುತ್ತಾಳೆ, ಗಂಟಲಿಗೆ ಇಡುತ್ತಾಳೆ, ನಾಲ್ಕು ತಿಂಗಳಿಂದ ಊಟದಲ್ಲಿ, ಬಾಗಿಲಲ್ಲಿ, ನಾನು ಜೋರಾಗಿ ಹೇಳೇ ಅಂದಾಗಲೆಲ್ಲ ಇಟ್ಟದ್ದು, ಸರ ಸರಿಮಾಡಿಕೊಳ್ಳುತ್ತಿದ್ದಾಳೆ ಅಂದುಕೊಂಡಿದ್ದೆ, ಸರವೇ ಇಲ್ಲ ಅಲ್ಲಿ, ಎರಡು ಬೆರಳು, ಗಂಟಲ ಮೇಲೆ ಒತ್ತಿ ಹಿಡಿದ, ಉಗುರು ಬೆಳ್ಳಗಾದ, ಎರಡು ಬೆರಳು