ಸಾಲಿನ ಬಲಗಡೆ ಪೆನ್ಸಿಲ್

ಹಾಲಿನ ಹನಿ ಬಿದ್ದು ಫೋನಿನ ಪರದೆ ಮಂಜಾಗಿದೆ ಅಂದುಕೊಂಡೆ, ಹೆಬ್ಬೆರಳಲ್ಲಿ ಒರೆಸಿದೆ, ಒರೆಸಿದರೂ ಸೊನ್ನೆ ಸೊನ್ನೆಯಾಗೇ ಕೂತಿದೆ — ಬಾಡಿಗೆ ಜಾಹೀರಾತಿನ ಕ್ಯಾಂಪೇನ್, ಕ್ಲಿಕ್ ಸೊನ್ನೆ, ನಿನ್ನೆ ಮಧ್ಯಾಹ್ನದಿಂದ ಸೊನ್ನೆ, ಗೆರೆ ನೆಟ್ಟಗೆ ನಡೆದು ಬಂದು ಧಡ್ ಅಂತ ಕೆಳಗೆ ಬಿದ್ದು ಆಮೇಲೆ ನೆಲ ಬಿಟ್ಟು ಏಳಲೇ ಇಲ್ಲ, ನಿನ್ನೆಯಿಂದ ಎಷ್ಟು ಸಲ ನೋಡಿದೆನೋ, ಪುಟ್ಟಿ ಇನ್ನೂ ಚೀಪ್ತಾ ಇದ್ದಾಳೆ, ನಿದ್ದೆಯಲ್ಲೂ ಚೀಪ್ತಾಳೆ ಕಳ್ಳಿ, ಎಡಗೈ ಜೋಮು ಹಿಡಿದಿದೆ, ಬಲಗೈಯಲ್ಲಿ ಫೋನು, ಹಾಲು ಕುಡಿಸುವಾಗ ಅದನ್ನ ಪಕ್ಕಕ್ಕಿಡಬಾರದೇನಮ್ಮಾ, ಅತ್ತೆ ಬಾಗಿಲಲ್ಲಿ ನಿಂತು ಹೇಳಿ ಹೋದರು, ಇಟ್ಟೆ ಅತ್ತೆ ಅಂದೆ, ಅವರ ಚಪ್ಪಲಿ ಸದ್ದು ದೂರ ಆಗೋವರೆಗೂ ಫೋನು ತೊಡೆ ಕೆಳಗೆ, ಆಮೇಲೆ ಮತ್ತೆ ಕೈಗೆ, ಪರೀಕ್ಷೆಯಲ್ಲಿ ಕಾಪಿ ಹೊಡೆಯೋಳ ಥರ, ನನ್ನ ಕೆಲಸವನ್ನ ನಾನೇ ಕದ್ದು ನೋಡೋ ಗತಿ. ನನ್ನ ಕೆಲಸ, ಅಂದರೆ ಹೆರಿಗೆ ರಜೆಗೆ ಮುಂಚೆ ನನ್ನದಾಗಿತ್ತು, ಅಲ್ಲ, ನನ್ನದೇ, ರಜೆ ಮುಗಿದ ಮೇಲೂ ನನ್ನದೇ. ಮಂಚದ ಯಜಮಾನರು — ನಮ್ಮ ಗಿರಾಕಿ, ಆಫೀಸಲ್ಲಿ ಎಲ್ಲರೂ ಹಾಗೇ ಕರೆಯೋದು — ಆಸ್ಪತ್ರೆ ಮಂಚ, ಗಾಲಿ ಕುರ್ಚಿ ಮನೆಗೆ ಕಳಿಸೋರು, ಬೇಕಾದವರಿಗೆ ಮಾರಾಟ, ಉಳಿದವರಿಗೆ ಬಾಡಿಗೆ, ಜನ ಹುಡುಕಾಟದ ಪೆಟ್ಟಿಗೆಯಲ್ಲಿ ಟೈಪ್ ಮಾಡಿದ ಕೂಡಲೇ ಇವರ ಜಾಹೀರಾತು ಮೇಲೆ ಬರಬೇಕು, ಅದನ್ನು ಬರೋ ಹಾಗೆ ಮಾಡೋದು ನಾನು. ಆ ಗೆರೆಯನ್ನು ನೆಲದಿಂದ ಎಬ್ಬಿಸಿದವಳು ನಾನು, ಹೊಟ್ಟೆಯಲ್ಲಿ ಇವಳನ್ನಿಟ್ಟುಕೊಂಡು, ಬಾತ್‌ರೂಮಿನಲ್ಲಿ ವಾಂತಿ ಮಾಡಿ ಮುಖ ತೊಳೆದು ಮೀಟಿಂಗಿಗೆ ಹೋಗಿ ನಗ್ತಾ ಎಬ್ಬಿಸಿದೆ, ಈಗ ಅದು ಮಲಗಿದೆ, ಯಾಕೆ ಅಂತ ನನಗೆ ಗೊತ್ತು, ಗೊತ್ತಾಗಿ ಒಂದು ರಾತ್ರಿ ಕಳೆದಿದೆ, ನಾನು ಸುಮ್ಮನಿದ್ದೀನಿ.

ಬೇಡದ ಪದಗಳು ಅಂತ ಒಂದು ಜಾಗ ಇದೆ, ಯಾವ ಪದ ಬಂದರೆ ಜಾಹೀರಾತು ತೋರಿಸಬಾರದು ಅನ್ನೋದನ್ನು ಅಲ್ಲಿ ಬರೀಬೇಕು, ಮಾರಾಟದ ಕ್ಯಾಂಪೇನಿಗೆ ಬಾಡಿಗೆಯವರು ಬಂದು ಸುಮ್ಮನೆ ಕ್ಲಿಕ್ ಮಾಡಬಾರದಲ್ಲ, ಅದಕ್ಕೆ ಅಲ್ಲಿ ಬಾಡಿಗೆ ಅನ್ನೋ ಪದ ಹಾಕಬೇಕು, ಸರಿ, ರಜೆಯಲ್ಲಿ ನನ್ನ ಕೆಲಸ ನೋಡ್ಕೊಳ್ಳೋ ಗುಬ್ಬಿ ಹಾಕಿದಾಳೆ, ಆದರೆ ಎಲ್ಲಿ ಹಾಕಿದಾಳೆ, ಎರಡು ಕ್ಯಾಂಪೇನಿಗೂ ಸೇರಿದ ಜಾಗದಲ್ಲಿ, ಬಚ್ಚಲ ನಲ್ಲಿ ಸೋರುತ್ತೆ ಅಂತ ಇಡೀ ಮನೆ ನೀರು ನಿಲ್ಲಿಸಿದ ಹಾಗೆ, ಬಾಡಿಗೆ ಅಂತ ಟೈಪ್ ಮಾಡಿದವರಿಗೆ ಈಗ ಬಾಡಿಗೆ ಜಾಹೀರಾತೇ ಕಾಣಿಸಲ್ಲ. ಗುಬ್ಬಿ ನಿನ್ನೆ ಮೊನ್ನೆ ಬಂದವಳಲ್ಲ, ನನ್ನ ಪಕ್ಕದ ಕುರ್ಚಿಯಲ್ಲಿ ಕೂತು ಕಾಳು ಹೆಕ್ಕೋ ಹಾಗೆ ಒಂದೊಂದೇ ಪದ ಹೆಕ್ಕಿ ಹೆಕ್ಕಿ ಕಲಿತವಳು, ಅದಕ್ಕೇ ಆ ಹೆಸರು, ಇಟ್ಟವಳೂ ನಾನೇ, ಆಗ ಅವಳಿಗೆ ಹೇಳಿಕೊಟ್ಟಿದ್ದೆ, ಸಾಲನ್ನು ಮುಟ್ಟಿದರೆ ಬಲಗಡೆ ಪುಟ್ಟ ಪೆನ್ಸಿಲ್ ಚಿತ್ರ ಏಳುತ್ತೆ ನೋಡು, ಅದು ಎದ್ದರೆ ನೀನು ಏನು ಬೇಕಾದರೂ ತಿದ್ದಬಹುದು, ಅದಕ್ಕೇ ಅದನ್ನು ಮುಟ್ಟೋ ಮೊದಲು ಒಂದು ಉಸಿರು ತಗೋ, ಅವಳು ನಿಜವಾಗ್ಲೂ ಕಣ್ಣು ಮುಚ್ಚಿ ಉಸಿರು ತಗೊಂಡಳು, ನಾನು ನಕ್ಕೆ, ಅಕ್ಕಾ ನಗಬೇಡಿ ಅಂದಳು. ಎಷ್ಟು ಸಲ ಹೇಳಿದ್ದೆ, ಎಲ್ಲದಕ್ಕೂ ಸೇರಿದ ಜಾಗದಲ್ಲಿ ಕೈಯಾಡಿಸಬೇಡ ಅಂತ, ಹೇಳಿದ್ದೆ ತಾನೆ, ಹೇಳಿದ್ದೆ. ನಿನ್ನೆ ಅದನ್ನು ನೋಡಿದಾಗ ಎದೆ ಧಸಕ್ ಅಂದಿತು, ಅದು ನಿಜ, ಆದರೆ ಹಿಂದೆನೇ ಏನೋ ಒಂದು ಸಮಾಧಾನ ಬಂತು, ಬೆಚ್ಚಗೆ, ಅದೂ ನಿಜ, ಯಾರಿಗೆ ಸುಳ್ಳು ಹೇಳಲಿ, ಇಲ್ಲಿ ಇರೋದು ನಾನೂ ಪುಟ್ಟಿನೂ. ಗೆರೆ ಹೀಗೇ ಮಲಗಿರಲಿ, ಯಜಮಾನರು ಫೋನ್ ಮಾಡಿ ಕೂಗಾಡಲಿ, ಆ ಮೇಡಂ ಇದ್ದಾಗ ಹೀಗಿರಲಿಲ್ಲ ಅಂತ ಒಂದೇ ಒಂದು ಮಾತು ಅವರ ಬಾಯಿಂದ ಬರಲಿ, ಮ್ಯಾನೇಜರ್ ನನಗೆ ಫೋನ್ ಮಾಡ್ತಾರೆ, ತೊಂದರೆ ಕೊಡ್ತಿದ್ದೀವಿ ಮೇಡಂ ಒಂಚೂರು ನೋಡಿ ಅಂತಾರೆ, ಆಗ ನಾನು ಮಗುವನ್ನು ಹೆಗಲ ಮೇಲೆ ಹಾಕ್ಕೊಂಡು, ಒಂದು ಕೈಯಲ್ಲಿ, ಆ ಒಂದು ಪದ ತೆಗೀತೀನಿ, ಗೆರೆ ಏಳುತ್ತೆ. ಸಾಲನ್ನು ಮಾತ್ರ ಮುಟ್ಟಿಲ್ಲ, ನಿನ್ನೆಯಿಂದ ಬೆರಳನ್ನು ಅದರ ಹತ್ತಿರವೂ ಬಿಟ್ಟಿಲ್ಲ, ಮುಟ್ಟಿ ಪೆನ್ಸಿಲ್ ಎದ್ದುಬಿಟ್ಟರೆ ತಿದ್ದದೇ ಇರೋಕೆ ನನ್ನ ಕೈಲಿ ಆಗಲ್ಲ, ಕೈ ತಾನಾಗೇ ಹೋಗುತ್ತೆ, ಅಷ್ಟು ವರ್ಷದ ಅಭ್ಯಾಸ.

ಗಾಜಿನ ಕೋಣೆ. ರಜೆಗೆ ಹೋಗೋ ದಿನ ಮ್ಯಾನೇಜರ್ ಅದರ ಬಾಗಿಲು ತಟ್ಟಿ ತೋರಿಸಿದರು, ವಾಪಸ್ ಬಂದಾಗ ಇಲ್ಲಿ ಕೂರೋದು ನೀವೇ, ಇಡೀ ತಂಡ ನಿಮ್ಮ ಕೈಯಲ್ಲಿ, ಮೊದಲನೇ ಹೆಣ್ಣುಮಗಳು ಅಂತ ನಾವೂ ಹೆಮ್ಮೆಯಿಂದ ಹೇಳ್ಕೋಬಹುದು. ಹೊರಗಿನ ಮೇಜುಗಳ ತುಂಬ ಹೆಂಗಸರೇ, ಪದ ಹೆಕ್ಕೋರು, ಸಾಲು ಬರೆಯೋರು, ಬೆಳಿಗ್ಗೆ ಬಂದ ಕೂಡಲೇ ಗೆರೆ ಏರಿದೆಯಾ ಇಳಿದಿದೆಯಾ ನೋಡೋರು, ಗಾಜಿನೊಳಗೆ ಮಾತ್ರ ಗಂಡಸರು, ಒಳಗಿಂದ ನಮ್ಮನ್ನು ನೋಡ್ತಾರೆ, ನಾವು ಊಟದ ಡಬ್ಬಿ ತೆಗೆಯೋದೂ ಕಾಣುತ್ತೆ. ನನ್ನ ಜೊತೆ ಸೇರಿದವಳೊಬ್ಬಳು ಮಗು ಆದ ಮೇಲೆ ಅರ್ಧ ದಿನದ ಕೆಲಸ ಕೇಳಿದಳು, ಯೋಚನೆ ಮಾಡೋಣ ಅಂದರು, ಇನ್ನೂ ಯೋಚನೆ ಮಾಡ್ತಾ ಇದ್ದಾರೆ, ಅವಳೀಗ ಮನೆಯಲ್ಲಿ ಟ್ಯೂಷನ್ ಹೇಳ್ತಾಳೆ. ನಾನು ಹಾಗಾಗಲ್ಲ. ನೀನು ಯಾಕಿಷ್ಟು ತಲೆ ಕೆಡಿಸ್ಕೋತೀಯಾ, ನಮ್ಮ ಮನೆಯವರು ಬೆಳಿಗ್ಗೆ ಶೂ ಹಾಕ್ಕೊಳ್ತಾ ಅಂದರು, ಆರಾಮಾಗಿರಬಾರದಾ, ಇವರಿಗೇನು, ಇವರ ಕುರ್ಚಿ ಇವರು ಎದ್ದು ಕಾಫಿಗೆ ಹೋದರೂ ಹಾಗೇ ಇರುತ್ತೆ. ಮ್ಯಾನೇಜರೂ ಅದನ್ನೇ ಬರೆದಿದ್ದಾರೆ ಹೋದ ವಾರ, ಮಗುವಿನ ಜೊತೆ ಖುಷಿಯಾಗಿರಿ, ನಿಮ್ಮ ತಲೆ ಮೇಲಿನ ಭಾರ ಎಲ್ಲ ನಾವು ಇಳಿಸಿದ್ದೀವಿ, ಕೊನೆಗೊಂದು ಹೂವಿನ ಚಿತ್ರ, ಥ್ಯಾಂಕ್ಯೂ ಸರ್ ಅಂತ ನಾನೂ ಒಂದು ಹೂವು ಕಳಿಸಿದೆ. ಫೋನು ನಡುಗಿತು, ಗುಬ್ಬಿ, ಅಕ್ಕಾ ಪುಟ್ಟಿ ಫೋಟೋ ಕಳಿಸಿ ಪ್ಲೀಸ್, ಅಕ್ಕಾ ಮಾರಾಟದ ಕ್ಯಾಂಪೇನ್ ನೋಡಿದ್ರಾ ಹೇಗೆ ಓಡ್ತಿದೆ, ನೀವು ಹೇಳಿಕೊಟ್ಟ ಹಾಗೇ ಮಾಡ್ತಿದ್ದೀನಿ. ಅಯ್ಯೋ ಪೆದ್ದಿ. ನಾನು ಹೇಳಿಕೊಟ್ಟ ಹಾಗಂತೆ, ಪಕ್ಕದ ಗೆರೆ ಸತ್ತು ಬಿದ್ದಿದೆ, ಇವಳು ಇದನ್ನು ನೋಡಿ ಕುಣೀತಾಳೆ, ಕೋಪ ಬಂತು, ಪಾಪ ಅನ್ನಿಸಿತು, ಎರಡೂ ಒಟ್ಟಿಗೆ ಬಂದವು, ಉತ್ತರ ಬರೆಯೋಕೆ ಹೋಗಿ ಅಳಿಸಿದೆ, ಮತ್ತೆ ಬರೆದು ಮತ್ತೆ ಅಳಿಸಿದೆ, ಯಾವಾಗ ಗೊತ್ತಾಯ್ತು ಅಕ್ಕಾ ಅಂತ ಕೇಳಿದರೆ ಏನನ್ನಲಿ.

ಕೆಲಸದಲ್ಲಿ ನನಗೆ ಇಷ್ಟ ಆಗ್ತಿದ್ದದ್ದು ಜನ ಟೈಪ್ ಮಾಡಿದ್ದನ್ನು ಓದೋದು, ಗುಬ್ಬಿಗೆ ಬೇಜಾರು, ನನಗೆ ಇಷ್ಟ, ಮನೆಯವರ ಹತ್ತಿರವೂ ಹೇಳದ್ದನ್ನು ಆ ಪೆಟ್ಟಿಗೆ ಹತ್ತಿರ ಹೇಳ್ತಾರೆ, ಅಪ್ಪನಿಗೆ ಆಪರೇಷನ್ ಆಗಿದೆ ಮಂಚ ಬಾಡಿಗೆ, ಅಮ್ಮ ರಾತ್ರಿ ಮಂಚದಿಂದ ಬೀಳ್ತಾರೆ ಕಟಕಟೆ ಇರೋ ಮಂಚ ಬಾಡಿಗೆ, ಗಾಲಿ ಕುರ್ಚಿ ಬಾಡಿಗೆ ನಾಳೆ ಬೆಳಿಗ್ಗೆ ಬೇಕು ದಯವಿಟ್ಟು — ದಯವಿಟ್ಟು ಅಂತ ಯಂತ್ರಕ್ಕೆ ಬರೆದಿದ್ದರು, ಯಾರೋ, ಆವತ್ತು ಊಟ ಸೇರಲಿಲ್ಲ. ನಿನ್ನೆಯಿಂದ ಅದೂ ಕಾಣಿಸ್ತಿಲ್ಲ, ನಮ್ಮ ಜಾಹೀರಾತು ಹೋಗದಿದ್ದರೆ ಅವರ ಮಾತೂ ನಮಗೆ ಬರಲ್ಲ, ಹಾಗಂತ ಅವರು ಟೈಪ್ ಮಾಡೋದು ನಿಲ್ಲಿಸಿಲ್ಲ, ಈಗಲೂ ಯಾರೋ ಮಾಡ್ತಿದ್ದಾರೆ, ಒಂದು ಕೈಯಲ್ಲಿ ಅಮ್ಮನನ್ನು ಹಿಡ್ಕೊಂಡು ಒಂದು ಕೈಯಲ್ಲಿ, ನನ್ನ ಹಾಗೆ. ಮಾವ ಆಸ್ಪತ್ರೆಯಿಂದ ಬಂದಾಗ ಎರಡು ಬೆಂಚು ಸೇರಿಸಿ ಮಲಗಿಸಿದ್ದು, ಮಧ್ಯದ ಸಂದಿಗೆ ಹಾಸಿಗೆ ಕುಸಿಯೋದು, ರಾತ್ರಿಯೆಲ್ಲ ಅತ್ತೆ ಆ ಸಂದಿ ಹತ್ತಿರ ಕೈ ಇಟ್ಟುಕೊಂಡೇ ಕೂರೋರು, ಇಂಥದ್ದು ಬಾಡಿಗೆಗೆ ಸಿಗುತ್ತೆ ಅಂತ ಆಗ ಯಾರಿಗೆ ಗೊತ್ತಿತ್ತು ಹೇಳಮ್ಮಾ, ಅತ್ತೆ ಮೊನ್ನೆಯೂ ಅಂದರು, ನನ್ನ ಕೆಲಸ ಏನು ಅಂತ ಅವರಿಗೆ ಅರ್ಥ ಆದದ್ದು ಅದೊಂದೇ. ನಾನು ಗಾಜಿನ ಕೋಣೆ ಕಾಯ್ತಾ ಇಲ್ಲಿ ಕೂತಿದ್ದೀನಿ. ಛೆ. ಸಾಕು, ತಿದ್ದಿಬಿಡ್ತೀನಿ, ಯಾರಿಗೂ ಹೇಳಲ್ಲ, ಹೊಗಳಿಕೆ ಬೇಡ, ಗೆರೆ ಏಳುತ್ತೆ, ಗುಬ್ಬಿ ತನ್ನದೇ ಜಾಣತನ ಅಂದುಕೊಳ್ಳಲಿ, ಕೋಣೆನೂ ಅವಳಿಗೇ ಕೊಡಲಿ ಬೇಕಾದರೆ, ಇಲ್ಲ ಬೇಡ, ಕೋಣೆ ನನಗೇ ಬೇಕು, ಆದರೆ ಹೀಗೆ ಬೇಡ, ನಾನು ಬರ್ತೀನಿ, ಮತ್ತೆ ದುಡೀತೀನಿ, ನೆಟ್ಟಗೆ ನಡ್ಕೊಂಡು ಹೋಗಿ ಆ ಬಾಗಿಲು ತೆಗೀತೀನಿ. ಪುಟ್ಟಿ ಬಾಯಿ ಬಿಟ್ಟಳು, ತುಟಿ ಮೇಲೆ ಹಾಲು, ತಲೆ ನನ್ನ ಮೊಣಕೈ ಮೇಲೆ ಭಾರವಾಗಿ ಬಿತ್ತು. ಬೇಡದ ಪದಗಳು, ತೆರೆಯಿತು, ಬಾಡಿಗೆ, ಇದೆ, ಒಂದು ಉಸಿರು ತಗೊಂಡೆ, ಸಾಲನ್ನು ಮುಟ್ಟಿದೆ.

ಪೆನ್ಸಿಲ್ ಏಳಲಿಲ್ಲ. ಬೆರಳು ಒದ್ದೆ ಇರಬೇಕು, ಬಟ್ಟೆಗೆ ಒರೆಸಿಕೊಂಡು ಮತ್ತೆ ಮುಟ್ಟಿದೆ, ಸಾಲು ಬೂದಿ ಬಣ್ಣಕ್ಕೆ ತಿರುಗಿ ಮತ್ತೆ ಬಿಳಿಯಾಯಿತು, ಬಲಗಡೆ ಏನಿಲ್ಲ, ಮೇಲಿನ ಸಾಲು ಮುಟ್ಟಿದೆ, ಕೆಳಗಿನದು ಮುಟ್ಟಿದೆ, ಬೇರೆ ಕ್ಯಾಂಪೇನಿಗೆ ಹೋದೆ, ನಾನೇ ಬರೆದ ಸಾಲುಗಳು, ಒಂದೊಂದನ್ನೂ ಮುಟ್ಟಿದೆ, ತುದಿಯಲ್ಲಿ ಸಣ್ಣ ಅಕ್ಷರ ಕಂಡಿತು, ನಿಮಗೆ ನೋಡುವ ಅನುಮತಿ ಮಾತ್ರ ಇದೆ, ತಾರೀಕು ಹೋದ ವಾರದ್ದು, ಮ್ಯಾನೇಜರ್ ಹೂವು ಕಳಿಸಿದ ದಿನದ್ದು, ನಿಮ್ಮ ತಲೆ ಮೇಲಿನ ಭಾರ ಎಲ್ಲ ನಾವು ಇಳಿಸಿದ್ದೀವಿ, ಥ್ಯಾಂಕ್ಯೂ ಸರ್, ಅಂದರೆ ಪೆನ್ಸಿಲ್ ನಿನ್ನೆಯೂ ಇರಲಿಲ್ಲ, ರಾತ್ರಿಯೆಲ್ಲ ತಿದ್ದಲೋ ಬೇಡವೋ ಅಂತ ಒದ್ದಾಡಿದೆನಲ್ಲ ಆಗಲೂ ಇರಲಿಲ್ಲ, ಇಲ್ಲದ್ದನ್ನು ಮುಟ್ಟದೆ ಕಾದುಕೊಂಡು ಕೂತಿದ್ದೆ, ಮಲಗಿತೇನಮ್ಮಾ ಮಗು, ಅತ್ತೆ ಒಳಗಿಂದ ಕೇಳ್ತಿದ್ದಾರೆ, ಮಲಗಿತು ಅತ್ತೆ, ಗುಬ್ಬಿಗೆ ಫೋನ್ ಮಾಡಬೇಕು, ನನ್ನ ಕೈಲಿ ಆಗಲ್ಲ ಕಣೇ ನೀನೇ ತೆಗಿ ಅಂತ ಕೇಳಬೇಕು, ಕೇಳ್ತೀನಿ, ಈಗ ಕೇಳ್ತೀನಿ, ಇನ್ನೊಂದು ಸಲ ಮುಟ್ಟಿ ನೋಡಿದ ಮೇಲೆ, ಸಾಲು, ಬಾಡಿಗೆ, ಬಲಗಡೆ, ಪೆನ್ಸಿಲ್ ಇರೋ ಜಾಗ, ಬಿಳಿ, ಮತ್ತೆ ಮುಟ್ಟಿದೆ, ಬಿಳಿ.