ಅರಸ ಬದುಕಿದ ವರ್ಷ

ನನ್ನ ಗಂಡನ ವೀರಗಲ್ಲು ನಮ್ಮ ಅಂಗಳದಲ್ಲಿ ಅಂಗಾತ ಮಲಗಿದ್ದ ದಿನಗಳಲ್ಲಿ, ಅವರೇ ಅದರ ತುದಿಯಲ್ಲಿ ಕುಳಿತು ಉಪ್ಪು ಹಚ್ಚಿದ ಮಾವಿನಕಾಯಿ ತಿನ್ನುತ್ತಿದ್ದರು. ಇನ್ನೊಂದು ತುದಿಯಲ್ಲಿ ಅಪ್ಪ ಉಳಿ ಹಿಡಿದು ಅವರದೇ ಮುಖ ಬಿಡಿಸುತ್ತಿದ್ದ. “ಮಾವ, ಮೀಸೆ ಇನ್ನೊಂದು ಚೂರು ದಪ್ಪ ಇರ್ಲಿ. ಸ್ವರ್ಗದಲ್ಲಿ ಯಾರಾದ್ರೂ ನನ್ನ ಗುರುತು ಹಿಡೀಬೇಕಲ್ಲ” ಎಂದು ನಗುತ್ತಿದ್ದರು. ಅಪ್ಪ ನಗುತ್ತಿರಲಿಲ್ಲ. ನನಗಂತೂ ಮೈಯೆಲ್ಲ ಉರಿಯುತ್ತಿತ್ತು. “ಎದ್ದೇಳಿ ಮೇಲೆ, ಆ ಹಾಳು ಕಲ್ಲಿನ ಮೇಲೆ ಕೂತ್ಕೋಬೇಡಿ” ಎಂದು ಒಲೆಯ ಮುಂದಿನಿಂದಲೇ ಕೂಗುತ್ತಿದ್ದೆ.

ಬದುಕಿರುವವನಿಗೆ ವೀರಗಲ್ಲು ಏಕೆ ಎಂದು ಈಗಿನ ಮಕ್ಕಳು ಕೇಳುತ್ತಾರೆ. ಆಗಿನ ಪದ್ಧತಿ ಹಾಗಿತ್ತು. ನಮ್ಮವರು ಅರಸ ಇರುಗವರ್ಮನ ಲೆಂಕರು. ಅಂದರೆ ಅರಸ ಸತ್ತ ದಿನ ತಾನೂ ಸಾಯುತ್ತೇನೆಂದು ಆಣೆಯಿಟ್ಟವರು. ಅವರು ನನ್ನ ಸೋದರತ್ತೆಯ ಮಗ, ನಮ್ಮ ಮನೆಯಲ್ಲೇ ಬೆಳೆದವರು. ನಮ್ಮದು ಕಲ್ಲುಕೆಲಸದ ಮನೆತನವಾದರೂ ಅವರ ಕೈಗೆ ಉಳಿ ಹತ್ತಲಿಲ್ಲ, ಕತ್ತಿ ಹತ್ತಿತು. ಬೇಟೆಯಲ್ಲಿ ಹಂದಿಯೊಂದು ಅರಸನ ಮೇಲೆ ನುಗ್ಗಿದಾಗ ಅಡ್ಡ ಬಿದ್ದು ಉಳಿಸಿದರು. ಅರಸ ಎಲ್ಲರೆದುರು ತನ್ನ ಎಲೆಯ ಅನ್ನದ ತುತ್ತನ್ನು ಅವರ ಬಾಯಿಗಿಟ್ಟು, ಅವರ ಎಡಗಾಲಿಗೆ ಕಡಗ ತೊಡಿಸಿದ. ಅಂದೇ ಅವರು ಲೆಂಕನ ಆಣೆಯಿಟ್ಟರು. ಊರೆಲ್ಲ ಹೊಗಳಿತು.

ಅರಸನನ್ನು ಮಣ್ಣು ಮಾಡುವ ದಿನವೇ ಲೆಂಕನ ಕಲ್ಲೂ ನಿಲ್ಲಬೇಕು. ಕಲ್ಲು ಒಂದು ದಿನದಲ್ಲಿ ಮುಗಿಯುವ ಕೆಲಸವೇ? ಅದಕ್ಕೇ ಅರಸ ಜ್ವರದಿಂದ ಹಾಸಿಗೆ ಹಿಡಿದ ಕೂಡಲೇ ಅವನ ಆಡಳಿತ ನೋಡಿಕೊಳ್ಳುವ ಹೆಗ್ಗಡೆ ನಮ್ಮ ಮನೆಗೆ ಬಂದು ಕಲ್ಲು ಶುರುಮಾಡಲು ಹೇಳಿಹೋದ. ಅಳಿಯನ ಕಲ್ಲನ್ನು ಮಾವನೇ ಕೊರೆಯಬೇಕಾಯಿತು.

ಅಪ್ಪ ಬೇಕೆಂದೇ ನಿಧಾನ ಮಾಡಿದ. ಮೊದಲು ಅರಸನ ಬಿರುದುಗಳನ್ನು ಕೊರೆದ. ಅವಕ್ಕೇನು ಕಡಿಮೆ! ಕೆರೆಯ ಏರಿ, ಗುಡಿಯ ಬಾಗಿಲು, ಗಡಿಯ ಬಂಡೆ, ಎಲ್ಲಿ ನೋಡಿದರೂ ಇರುಗವರ್ಮನ ಹೆಸರೇ. ನಮ್ಮೂರಿನವರು ಅವನನ್ನು ಕಣ್ಣಿನಿಂದ ಕಂಡದ್ದಕ್ಕಿಂತ ಕಲ್ಲಿನಲ್ಲಿ ಓದಿಸಿ ಕೇಳಿದ್ದೇ ಹೆಚ್ಚು. ಶತ್ರುಗಳ ಪಾಲಿನ ಸಿಡಿಲು, ನುಡಿದಂತೆ ನಡೆವವನು, ಶರಣು ಬಂದವರಿಗೆ ವಜ್ರದ ಪಂಜರ. ಅಷ್ಟನ್ನೂ ಕೊರೆದು, ಕೊನೆಯ ಸಾಲಿನ ಎಡೆಯನ್ನು ಅಪ್ಪ ಹಾಗೇ ಬಿಟ್ಟಿದ್ದ. ಅಲ್ಲಿ ಸತ್ತವನ ಹೆಸರು ಬರಬೇಕಿತ್ತು.

ಅರಸ ಬದುಕಲಿ ಎಂದು ಅರಸಿಯರು ಎಷ್ಟು ಬೇಡಿಕೊಂಡರೋ ನಾನರಿಯೆ. ಅವರಿಗಿಂತ ಹೆಚ್ಚು ಬೇಡಿದವಳು ನಾನು. ಉಪವಾಸ ಬಿದ್ದೆ, ಒದ್ದೆ ಬಟ್ಟೆಯಲ್ಲಿ ಗುಡಿ ಸುತ್ತಿದೆ. ಅರಸನ ಮೇಲಿನ ಪ್ರೀತಿಯಿಂದಲ್ಲ. ಅವನ ಉಸಿರು ನಿಂತರೆ ನನ್ನ ಮನೆಯ ದೀಪ ಆರುತ್ತದೆ ಎಂದು. ಅರಮನೆಯ ಕಡೆಯಿಂದ ಯಾರು ಬಂದರೂ ಹೊಸ್ತಿಲಿಗೆ ಓಡಿಬರುತ್ತಿದ್ದೆ. ಒಮ್ಮೆಯಂತೂ ಅರಸನಿಗೆ ಮಾತು ನಿಂತಿದೆ, ಇಂದೋ ನಾಳೆಯೋ ಎಂಬ ಸುದ್ದಿ ಬಂತು. ಆ ದಿನ ನಮ್ಮವರು ಊಟ ಮಾಡದೆ ಎದ್ದುಹೋಗಿ, ಸಂಜೆ ಹಣೆಯ ತುಂಬ ಕುಂಕುಮ ಇಟ್ಟುಕೊಂಡು ಬಂದರು. ಎಲ್ಲಿಗೆ ಹೋಗಿದ್ದರೆಂದು ನಾನು ಕೇಳಲಿಲ್ಲ. ಕೇಳುವ ಸ್ಥಿತಿಯಲ್ಲಿ ನಾನಿರಲಿಲ್ಲ.

ಅದಾದ ಮೇಲೆ ಜ್ವರ ಇಳಿಯಿತು. ಅರಸ ಎದ್ದು ಕುಳಿತನಂತೆ, ಗಂಜಿ ಕುಡಿದನಂತೆ. ನನಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಬೆಲ್ಲ ಹಾಕಿ ಹುಗ್ಗಿ ಮಾಡಿದೆ. “ಅಪ್ಪ, ಆ ಕಲ್ಲನ್ನ ಬಚ್ಚಲ ಹತ್ರ ಬೋರಲು ಹಾಕಿಬಿಡು. ನಾನು ಅದರ ಮೇಲೆ ಬಟ್ಟೆ ಒಗೀತೀನಿ” ಎಂದೆ. ಅಪ್ಪ ಎಷ್ಟೋ ದಿನಗಳ ಮೇಲೆ ನಕ್ಕ. ನಮ್ಮವರು ಮಾತ್ರ ಎಲೆಯ ಮುಂದೆ ತಲೆ ತಗ್ಗಿಸಿ ಕುಳಿತಿದ್ದರು.

“ಯಾಕೆ, ಹುಗ್ಗಿ ಸೇರಲ್ವ?” ಎಂದೆ.

“ಕಲ್ಲು ಬೋರಲು ಹಾಕಬೇಡಿ ಮಾವ” ಎಂದರು ಅಪ್ಪನ ಕಡೆ ತಿರುಗಿ. “ಅದು ಬೇಕಾಗುತ್ತೆ.”

ಆಮೇಲೆ ನಿಧಾನವಾಗಿ ಹೇಳಿದರು. ಅರಸನಿಗೆ ಮಾತು ನಿಂತ ದಿನ ಅವರು ಗುಡ್ಡದ ದೇವಿಯ ಗುಡಿಗೆ ಹೋಗಿ, ಅರಸ ಎದ್ದರೆ ತನ್ನ ತಲೆ ಒಪ್ಪಿಸುತ್ತೇನೆಂದು ಹರಕೆ ಹೊತ್ತಿದ್ದರು. ಪೂಜಾರಿಯ ಎದುರಿಗೇ, ಗಂಟೆ ಹೊಡೆದು.

ನನಗೆ ಭೂಮಿ ಬಾಯಿ ಬಿಟ್ಟಂತಾಯಿತು. “ಯಾಕೆ? ಯಾಕೆ ಹಂಗೆ ಮಾಡಿದ್ರಿ?”

“ಹೆಂಗಿದ್ರೂ ಹೋಗೋ ತಲೆ ಅಂದ್ಕೊಂಡೆ ಕಣೆ. ಅರಸ ಸತ್ರೆ ಹೋಗೇ ಹೋಗುತ್ತೆ. ಸುಮ್ನೆ ಹೋಗೋ ಬದಲು ಅವರನ್ನ ಉಳಿಸಿ ಹೋಗ್ಲಿ ಅಂತ.”

“ಅವರು ಉಳಿದ್ರೆ ನೀವೂ ಉಳೀತಿದ್ರಲ್ಲ!”

ಅವರು ನನ್ನ ಮುಖವನ್ನೇ ನೋಡಿದರು. ಆ ಮಾತು ಅವರಿಗೆ ಹೊಳೆದೇ ಇರಲಿಲ್ಲ. ಕಡಗ ತೊಟ್ಟ ದಿನದಿಂದ ತಾನು ಸತ್ತವನೆಂದೇ ಲೆಕ್ಕ ಹಾಕಿಕೊಂಡು ಬಂದವರಿಗೆ, ಬದುಕುವ ದಾರಿಯೂ ಒಂದಿದೆ ಎಂಬುದು ಮರೆತೇಹೋಗಿತ್ತು.

“ಓಡಿಹೋಗೋಣ ನಡೀರಿ. ನಮ್ಮನ್ನ ಯಾರೂ ಅರಿಯದ ಊರಿಗೆ” ಎಂದೆ.

“ನಾನು ಹೋಗಿ, ಇಲ್ಲಿ ಅರಸರಿಗೆ ಮತ್ತೆ ಜ್ವರ ಬಂದ್ರೆ? ಲೆಂಕ ಓಡಿಹೋದ, ದೇವಿ ಮುನಿದ್ಲು ಅಂತಾರೆ. ನಿಮ್ಮಪ್ಪನ್ನ ಬಿಡ್ತಾರ?”

ಅಪ್ಪ ಉಣ್ಣುವುದನ್ನು ಬಿಟ್ಟು ಎದ್ದು ಅಂಗಳಕ್ಕೆ ಹೋದ. ಎಲೆಗಳ ಮೇಲೆ ಹುಗ್ಗಿ ಹಾಗೇ ಆರಿಹೋಯಿತು.

ಒಂದೇ ದಾರಿಯಿತ್ತು. ಯಾರಿಗಾಗಿ ಹರಕೆ ಹೊತ್ತಿದ್ದರೋ ಅವನೇ ಬಾಯಿಬಿಟ್ಟು, ‘ಈ ತಲೆ ಬೇಡ, ಬದಲಿಗೆ ಬೆಳ್ಳಿಯ ತಲೆ ಒಪ್ಪಿಸುತ್ತೇನೆ’ ಎಂದರೆ ಪೂಜಾರಿ ಒಪ್ಪುತ್ತಿದ್ದ. ಹಿಂದೆಯೂ ಹಾಗೆ ನಡೆದಿತ್ತು. ಅರಸನ ಒಂದು ಮಾತು ಸಾಕು. ನಾನು ಅರಮನೆಗೆ ಹೋದೆ. ಬಾಗಿಲ ಕಾವಲಿನವನು ತಡೆದಾಗ, ಲೆಂಕನ ಹೆಂಡತಿ ಎಂದೆ. ದಾರಿ ಬಿಟ್ಟ.

ಅರಸ ದಿಂಬಿಗೆ ಒರಗಿ ಬಿಸಿಲು ಕಾಯಿಸುತ್ತಿದ್ದ. ಪಕ್ಕದಲ್ಲಿ ಹೆಗ್ಗಡೆ. ಕಲ್ಲುಗಳಲ್ಲಿ ಕೇಳಿದ ಸಿಡಿಲು ಅಲ್ಲಿರಲಿಲ್ಲ. ಕಂಬಳಿ ಹೊದ್ದ, ಕಣ್ಣು ಗುಳಿಬಿದ್ದ ಮನುಷ್ಯನೊಬ್ಬನಿದ್ದ. ನಾನು ಹೋಗಿ ಕಾಲು ಹಿಡಿದೆ.

“ಒಡೆಯರೇ, ನಮ್ಮವರನ್ನ ಬಿಟ್ಟುಕೊಡಿ. ಬೆಳ್ಳಿ ತಲೆ ಕೊಡ್ತೀನಿ ಅಂತ ಒಂದು ಮಾತು ಹೇಳಿ. ಬೆಳ್ಳಿಗೆ ನನ್ನ ಮೈಮೇಲಿನ ಒಡವೆ ಎಲ್ಲ ಕೊಡ್ತೀನಿ.”

“ಒಡವೆ ಬೇಡ, ಏಳು ತಂಗಿ” ಎಂದ ಅರಸ. ಧ್ವನಿ ಮೆತ್ತಗಿತ್ತು. “ನಿನ್ನ ಗಂಡ ನನಗೆ ತಮ್ಮನಿಗಿಂತ ಹೆಚ್ಚು. ಆದರೆ ದೇವಿ ಒಪ್ಪಿಕೊಂಡು ಜ್ವರ ತೆಗೆದಿದಾಳೆ. ಈಗ ನಾನು ಬೇಡ ಅಂದ್ರೆ, ಆ ಜ್ವರ ತಿರುಗಿ ಬಂದ್ರೆ?”

“ಬರಲ್ಲ ಒಡೆಯರೇ. ಹಿಂದೆಲ್ಲ ಬೆಳ್ಳಿ ತಲೆ ಕೊಟ್ಟಿದಾರೆ, ಅವರಿಗೇನೂ ಆಗಿಲ್ಲ.”

“ಬಂದ್ರೆ?” ಎಂದ ಮತ್ತೆ. ಕಂಬಳಿಯನ್ನು ಕುತ್ತಿಗೆಯವರೆಗೆ ಎಳೆದುಕೊಂಡ. “ನೀನು ಆ ಹಾಸಿಗೆ ಮೇಲೆ ಮಲಗಿಲ್ಲ ತಂಗಿ. ನಾನು ಮಲಗಿದ್ದೆ. ಅಲ್ಲಿ ಏನಿದೆ ಅಂತ ನೋಡಿ ಬಂದಿದೀನಿ.”

ಅವನು ಕ್ರೂರಿಯಾಗಿದ್ದರೆ ಶಾಪ ಹಾಕಿ ಬರಬಹುದಿತ್ತು. ಹೆದರಿದ್ದ, ಅಷ್ಟೇ. ನಮ್ಮವರು ಹೆದರದೆ ಮುಡಿಪಿಟ್ಟ ತಲೆಯನ್ನು ಅವನು ಹೆದರಿ ಕಸಿದುಕೊಂಡ. ಹೆಗ್ಗಡೆ ನನ್ನನ್ನು ಎಬ್ಬಿಸಿ ಹೊರಗೆ ಕಳಿಸಿದ.

ಹರಕೆ ತೀರಿಸಿದ ದಿನ ನಡೆದದ್ದನ್ನು ಹೆಚ್ಚು ಹೇಳಲಾರೆ. ಗುಡಿಯ ಮುಂದೆ ಬಿದಿರಿನ ಗಳು ನೆಟ್ಟು ಬಗ್ಗಿಸಿ, ಕತ್ತಿ ಬಿದ್ದೊಡನೆ ತಲೆ ಮೇಲಕ್ಕೆ ಸಿಡಿಯುವಂತೆ ಅವರ ಜುಟ್ಟನ್ನು ಅದರ ತುದಿಗೆ ಕಟ್ಟಿದರು. ವಾದ್ಯ ಜೋರಾಯಿತು. ಹಾಗೆ ಹೋಗುವವರು ನಗುತ್ತಾ ಹೋಗುತ್ತಾರೆಂದು ಹಾಡಿನಲ್ಲಿ ಹೇಳುತ್ತಾರೆ. ಅಪ್ಪನೂ ಕಲ್ಲಿನಲ್ಲಿ ನಗುವ ತುಟಿಯನ್ನೇ ಬಿಡಿಸಿದ್ದ. ಎಲ್ಲ ಸುಳ್ಳು. ನಮ್ಮವರು ನಗುತ್ತಿರಲಿಲ್ಲ. ಜನರ ನಡುವೆ ನನ್ನನ್ನು ಹುಡುಕುತ್ತಿದ್ದರು. ನಾನು ಕೈಯೆತ್ತಿದೆ. ನೋಡಿದರು. ಅಷ್ಟೇ ನನಗೆ ಸಿಕ್ಕಿದ್ದು.

ಮರುದಿನ ಬೆಳಿಗ್ಗೆ ಹೆಗ್ಗಡೆ ನಮ್ಮ ಅಂಗಳಕ್ಕೆ ಬಂದ. ಅರಸನಿಗೆ ಹೊಸ ಬಿರುದು ಸೇರಿತ್ತು: ಮೃತ್ಯುವನ್ನು ಗೆದ್ದವನು. ಅದನ್ನು ಮೊದಲು ಈ ಕಲ್ಲಿನಲ್ಲೇ ಬರೆಯಬೇಕೆಂದು ಅಪ್ಪಣೆಯಾಗಿತ್ತು.

“ಎಡೆ ಎಲ್ಲಿದೆ ಸ್ವಾಮಿ?” ಎಂದ ಅಪ್ಪ. “ಇದೊಂದು ಸಾಲು ಅವನ ಹೆಸರಿಗೆ ಬಿಟ್ಟಿದೀನಿ.”

“ಅದರಲ್ಲೇ ಕೊರಿ. ಕೊನೆಗೆ ‘ಇವನ ಲೆಂಕನೊಬ್ಬ ತಲೆ ಕೊಟ್ಟ’ ಅಂತ ಸೇರಿಸಿದ್ರಾಯ್ತು. ಊರಿಗೆಲ್ಲ ಗೊತ್ತಲ್ಲ ಯಾರು ಅಂತ.”

ಅಪ್ಪ ಅವನು ಹೇಳಿದಷ್ಟನ್ನೂ ಕೊರೆದ. ಹೆಗ್ಗಡೆ ಓದಿ ನೋಡಿ ಹೊರಟುಹೋದ ಮೇಲೆ ಕಲ್ಲಿನ ಬುಡಕ್ಕೆ ಸರಿದು ಕುಳಿತ. ಅದು ಮಣ್ಣಿನೊಳಗೆ ಹೋಗುವ ಭಾಗ. ಅಲ್ಲಿ ಯಾರೂ ಕೆತ್ತುವುದಿಲ್ಲ, ಒರಟಾಗಿಯೇ ಬಿಡುತ್ತಾರೆ.

“ಬಾ ಮಗಳೇ, ಹೆಸರು ಹೇಳು” ಎಂದ. “ಮನೆಯವರು ಬಾಯಿಬಿಟ್ಟು ಹೇಳದೆ ಸತ್ತವರ ಹೆಸರಿಗೆ ಉಳಿ ಹಚ್ಚಬಾರದು.”

ನಾನು ಒಮ್ಮೆಯೂ ಹೇಳಿರಲಿಲ್ಲ. ಹೆಂಡತಿ ಗಂಡನ ಹೆಸರು ಹೇಳಿದರೆ ಅವನ ಆಯುಸ್ಸು ಕಡಿಮೆಯಾಗುತ್ತದೆಂದು ನಮ್ಮಲ್ಲಿ ನಂಬಿಕೆ. ಚಿಕ್ಕಂದಿನಲ್ಲಿ ಆಟಕ್ಕೆ ಕರೆಯುವಾಗಲೂ, ಮುಂದೆ ಗಂಡನಾಗುವವನ ಹೆಸರೆಂದು ಅವ್ವ ಬಾಯಿ ಮುಚ್ಚಿಸುತ್ತಿದ್ದಳು. ಇನ್ನು ಕಡಿಮೆಯಾಗಲು ಏನು ಉಳಿದಿತ್ತು? ಅಪ್ಪ ಉಳಿ ಹಿಡಿದುಕೊಂಡು ಕಾದ.

“ಕೇತಯ್ಯ” ಎಂದೆ.

ಹೇಳಿದ ಮೇಲೆ ನಿಲ್ಲಿಸಲಾಗಲಿಲ್ಲ. ಅಪ್ಪ ಕೊರೆಯುವಷ್ಟು ಹೊತ್ತೂ ಹೇಳುತ್ತಲೇ ಇದ್ದೆ.

ಆ ಮಧ್ಯಾಹ್ನ ಕೆರೆಯ ಏರಿಯ ಮೇಲೆ ಕಲ್ಲು ನಿಲ್ಲಿಸಿದರು. ಅರಸ ಪಲ್ಲಕ್ಕಿಯಲ್ಲಿ ಬಂದ. ಹೆಗ್ಗಡೆ ಬಿರುದುಗಳನ್ನು ಗಟ್ಟಿಯಾಗಿ ಓದಿದ. ಹೊಸ ಬಿರುದು ಬಂದಾಗ ಜನ ಜಯಕಾರ ಹಾಕಿದರು. ಗುಂಡಿಗೆ ಮೊದಲ ಹಿಡಿ ಮಣ್ಣು ಅರಸನ ಕೈಯಿಂದ ಬೀಳಬೇಕು. ಅವನು ಬಗ್ಗಿ ಎರಡೂ ಕೈಯಲ್ಲಿ ಎತ್ತಿ ಹಾಕಿದ. ಮಣ್ಣು ಬುಡದ ಅಕ್ಷರಗಳ ಮೇಲೆ ಬಿತ್ತು. ಆಳುಗಳು ಸುತ್ತ ತುಂಬಿ, ಕಾಲಿನಿಂದ ತುಳಿದು ಗಟ್ಟಿ ಮಾಡಿದರು.

ಅರಸ ಕೈ ತೊಳೆಯಲು ನೀರು ಬೇಕೆಂದು ಸುತ್ತ ನೋಡಿದ. ಹತ್ತಿರದಲ್ಲಿ ತಂಬಿಗೆ ಹಿಡಿದು ನಿಂತಿದ್ದವಳು ನಾನೊಬ್ಬಳೇ. ಅವನು ಕೈಗಳನ್ನು ನನ್ನ ಮುಂದೆ ಒಡ್ಡಿದ. ನಾನು ಅವನನ್ನು ದಾಟಿ ಹೋಗಿ, ತಂಬಿಗೆಯ ನೀರನ್ನೆಲ್ಲ ಕಲ್ಲಿನ ಬುಡಕ್ಕೆ ಹೊಯ್ದೆ. ಮಣ್ಣು ಅದನ್ನು ನಿಧಾನವಾಗಿ ಒಳಗೆಳೆದುಕೊಂಡಿತು. ಅರಸ ಮಣ್ಣಾದ ಕೈಗಳನ್ನು ಚಾಚಿಕೊಂಡು ನಿಂತೇ ಇದ್ದ.